ಗಾಯರಾಣದ ಹದಿನೇಳನೇ ಪ್ರಶ್ನೆ

ಮರಡಿಹಾಳ, ಮಸ್ಕಿ ತಾಲ್ಲೂಕು
26 ಸೆಪ್ಟೆಂಬರ್ 2024

ನನ್ನ ಬೀರು,

ನಿನ್ನ ಪತ್ರ ಕೈಗೆ ಬಂದು ಹನ್ನೊಂದು ದಿನವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಮೊದಲ ಪುಟವೆಲ್ಲ ನಿನ್ನ ನೆನಪು, ನಿನ್ನ ಮೀಸೆ, ನಿನ್ನ ನಗು ಎಂದೇ ತುಂಬಿತು. ನಾಚಿಕೆಯಾಗಿ ಒಲೆಗೆ ಹಾಕಿದೆ. ನಿಮ್ಮ ಗಡಿ ಪಡೆಯ ಟ್ರೈನಿಂಗ್ ಸೆಂಟರಿನಲ್ಲಿ ಪತ್ರ ತೆರೆದು ನೋಡುತ್ತಾರಂತಲ್ಲ. ಅಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ನಿನ್ನನ್ನು "ರೀ" ಎಂದೇ ಕರೆಯುತ್ತೇನೆ, ಅತ್ತಿ ಕೇಳುತ್ತಿರುತ್ತಾರೆ. ಕಾಗದದ ಮೇಲೆ ನೀನು ನೀನೇ. ಇಂಗ್ಲಿಷ್ ಮೀಡಿಯಂನವಳ ಒತ್ತಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದು.

ಮೊದಲು ಮನೆಯ ಸುದ್ದಿ. ಅತ್ತಿ ಆರಾಮಾಗಿದ್ದಾರೆ. ನಲವತ್ತಮೂರು ಕುರಿಗಳೂ ಆರಾಮಾಗಿವೆ. ನಾನು ಏಳುವ ಹೊತ್ತಿಗೆ ಕಸ, ನೀರು, ರೊಟ್ಟಿ ಎಲ್ಲ ಮುಗಿದಿರುತ್ತದೆ ಎಂದು ಬೇಸರವಾಗಿ ಮೊನ್ನೆ ಫೋನಿನಲ್ಲಿ ಅಲಾರಂ ಇಟ್ಟೆ. ಅದು ಹೊಡೆದದ್ದೇ ತಡ, ಅತ್ತಿ ಒದ್ದೆ ಕೈಯಲ್ಲೇ ಓಡಿ ಬಂದರು. "ಬೀರನ ಫೋನೇನವಾ?" ಎಂದರು. ಅಲಾರಂ ಎಂದೆ. "ಹೂಂ" ಎಂದು ಒಳಗೆ ಹೋದರು. ಆಮೇಲೆ ನಾನು ಅಲಾರಂ ಇಟ್ಟಿಲ್ಲ.

ನಿನ್ನ ಭಾನುವಾರದ ಹದಿನೈದು ನಿಮಿಷದಲ್ಲಿ ಹನ್ನೆರಡು ಅತ್ತಿಯದು, ಒಂದು ಪಕ್ಕದ ಮನೆಯ ದಾವಲ್‌ಬೀಯದು, ಉಳಿದ ಎರಡರಲ್ಲಿ ನನಗೆ "ಊಟ ಆಯ್ತಾ" ಬಿಟ್ಟು ಬೇರೆ ಮಾತು ಬರುವುದಿಲ್ಲ. ಮದುವೆಯಾದ ಇಪ್ಪತ್ತೆರಡನೇ ದಿನ ರೈಲು ಹತ್ತಿದ ಗಂಡನ ಹತ್ತಿರ ಏನು ಮಾತಾಡಬೇಕೆಂದು ಯಾರೂ ಕಲಿಸಿಲ್ಲ. ಅತ್ತಿ ಒಂಬತ್ತಕ್ಕೆ ಕುರಿ ಬಿಟ್ಟುಕೊಂಡು ಗಾಯರಾಣಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಅಲ್ಲಿಯ ತನಕ ಮನೆಯಲ್ಲಿ ನಾನು ಮತ್ತು ನಿನ್ನ ಮೂರು ಅಂಗಿಗಳು. ಅವನ್ನು ಈ ವಾರ ಎರಡು ಸಲ ಇಸ್ತ್ರಿ ಮಾಡಿದೆ. ಯಾರೂ ತೊಡದ ಅಂಗಿಗೆ ಎಲ್ಲಿಂದ ಸುಕ್ಕು ಬರುತ್ತದೋ ತಿಳಿಯದು.

ಆದರೆ ಈಗ ದೊಡ್ಡ ಸುದ್ದಿ. ನನಗೆ ಕೆಲಸ ಸಿಕ್ಕಿದೆ, ಊರಲ್ಲೇ.

ಧಾರವಾಡದ ಕಡೆಯಿಂದ ಒಂದು ಸಂಶೋಧನಾ ತಂಡ ನಮ್ಮ ಪಂಚಾಯ್ತಿಗೆ ಬಂದಿದೆ. ಊರ ದನ, ಕುರಿ, ಆಡು ಮೇಯುವ ಇನ್ನೂರು ಎಕರೆ ಗಾಯರಾಣವನ್ನು ಸೋಲಾರ್ ಕಂಪನಿಯೊಂದು ಬಾಡಿಗೆಗೆ ಕೇಳಿದೆಯಂತೆ. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಆ ನೆಲದಿಂದ ಊರಿಗೆ ಎಷ್ಟು ಉಪಯೋಗವಿದೆ ಎಂದು ಮನೆಮನೆಗೆ ಹೋಗಿ ಕೇಳಬೇಕು. ತಂಡದ ಮುಖ್ಯಸ್ಥರು ಸಿದ್ದಲಿಂಗೇಶ ಎಂಬವರು. ನಿನಗಿಂತ ಕುಳ್ಳು, ಕನ್ನಡಕ ಬೇರೆ, ಹೊಟ್ಟೆಕಿಚ್ಚು ಪಡಬೇಡ. ಚಾ ಕುಡಿಯಲು ಯಾರ ಮನೆ ಎಂದು ಹುಡುಕುತ್ತಿದ್ದಾಗ ನಮ್ಮ ದಾವಲ್‌ಬೀ, "ಇಲ್ಲೇ ಒಬ್ಬಾಕಿ ಸೊಸಿ ಅದಾಳ್ರೀ, ಎಕನಾಮಿಕ್ಸ್ ಓದ್ಯಾಳ, ಮನ್ಯಾಗ ಕುಂತು ಅಂಗಿ ತಿಕ್ಕತಾಳ" ಎಂದು ನನ್ನನ್ನು ತೋರಿಸಿದಳು. ಬಳೆ ಮಾರುವವಳಿಗೆ ಊರಿನ ಎಲ್ಲ ಮನೆಯ ಒಳಗೂ ಕಣ್ಣು.

ಸರ್ ನನ್ನನ್ನು ಪರೀಕ್ಷೆ ಮಾಡುವಂತೆ ಕೇಳಿದರು. "ಗಾಯರಾಣದ ರೇಟ್ ಎಷ್ಟು ಮೇಡಂ?" ನಾನು, ಅದಕ್ಕೆ ರೇಟ್ ಇಲ್ಲ ಸರ್, ಮಾರುವ ವಸ್ತುವಲ್ಲ ಎಂದೆ. "ಅದೇ ತೊಂದರಿ. ಯಾವುದಕ್ಕ ರೇಟ್ ಇಲ್ಲೋ ಅದು ಸರ್ಕಾರದ ಫೈಲಿನ್ಯಾಗ ಸೊನ್ನಿ. ನಾವು ಅದಕ್ಕೊಂದು ರೇಟ್ ಹಚ್ಚಿದರ, ಅದು ಕಂಪನಿ ಬಾಡಿಗಿಗಿಂತ ಜಾಸ್ತಿ ಬಂದರ, ಪಂಚಾಯ್ತಿಯವರು ಧೈರ್ಯಲೆ ಕೊಡೂದಿಲ್ಲ ಅನ್ನಬಹುದು." ನನಗೆ ಮೈ ಜುಮ್ಮೆಂದಿತು ಬೀರು. ಕಾಲೇಜಿನಲ್ಲಿ ನಾಲ್ಕು ಅಂಕಕ್ಕೆ ಬಾಯಿಪಾಠ ಮಾಡಿದ ವಿಷಯ ನಮ್ಮ ಅತ್ತಿಯ ಕುರಿಗಳ ಬಾಯಿಗೆ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಗಾಯರಾಣ ಹೋದರೆ ಈ ನಲವತ್ತಮೂರು ಎಲ್ಲಿ ಮೇಯಬೇಕು? ಅವು ಹೋದರೆ ಅತ್ತಿಗೆ ಬೆಳಿಗ್ಗೆ ಏಳಲು ಏನು ಕಾರಣ ಉಳಿಯುತ್ತದೆ? ಇದನ್ನು ನಾನು ಉಳಿಸುತ್ತೇನೆ, ನೋಡುತ್ತಿರು.

ಇಂಗ್ಲಿಷಿನ ಫಾರ್ಮನ್ನು ಕನ್ನಡ ಮಾಡಿದ್ದೂ ನಾನೇ. ಇಪ್ಪತ್ತನಾಲ್ಕು ಪ್ರಶ್ನೆ. ಲಿಂಗಸುಗೂರಿಗೆ ಹೋಗಿ ಅಚ್ಚು ಹಾಕಿಸಿಕೊಂಡು ಬಂದೆವು. ಹದಿನೇಳನೆಯದೇ ಎಲ್ಲಕ್ಕಿಂತ ಮುಖ್ಯ: "ಗಾಯರಾಣವನ್ನು ಬಿಟ್ಟುಕೊಡಲು ನಿಮ್ಮ ಕುಟುಂಬಕ್ಕೆ ವರ್ಷಕ್ಕೆ ಕನಿಷ್ಠ ಎಷ್ಟು ಪರಿಹಾರ ಬೇಕು?" ಕೇಳಲು ಎಷ್ಟು ಚೆಂದವಿದೆ ಅಲ್ಲವೇ. ಸರ್ ಕೂಡ ಭೇಷ್ ಎಂದರು.

ಅಲ್ಲಿ ಬಿಸಿಲು ಹೇಗಿದೆ? ಕಾಲಿನ ಗುಳ್ಳೆಗೆ ಕೊಬ್ಬರಿಎಣ್ಣೆ ಹಚ್ಚು, ಇದು ಅತ್ತಿಯ ಆಜ್ಞೆ. ಹಾಸಿಗೆಗೆ ಹೋಗುವ ಮೊದಲು ಒಂದು ಸಲ ನನ್ನ ಹೆಸರು ಹೇಳು, ಇದು ನನ್ನದು. ಬೀರಪ್ಪ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ನಿನ್ನ ನಿನ್ನ
ಅನು

---

ಮರಡಿಹಾಳ
4 ನವೆಂಬರ್ 2024

ಬೀರು,

ದೀಪಾವಳಿ ಮುಗಿಯಿತು. ಈ ಸಲವೂ ನನ್ನ ಪತ್ರ ತಡ, ನಿನ್ನದು ಎರಡು ಬಂದಿವೆ. ಊರಿನ ನೂರ ಅರವತ್ತು ಮನೆ ತಿರುಗಿ ಕಾಲು ಬಿದ್ದುಹೋಗಿವೆ. ನಿನ್ನ ಕಾಲಿಗೂ ಗುಳ್ಳೆ, ನನ್ನ ಕಾಲಿಗೂ ಗುಳ್ಳೆ. ಇದೊಂದು ವಿಷಯದಲ್ಲಿ ನಾವು ಜೊತೆಯಲ್ಲಿದ್ದೇವೆ ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ. ಹಬ್ಬಕ್ಕೆ ಸಿಂಧನೂರಿನಿಂದ ಅಪ್ಪ ಬಂದು ಕರೆದರು, ಹೋಗಲಿಲ್ಲ. ಗಂಡನಿಲ್ಲದೆ ಮೊದಲ ದೀಪಾವಳಿಗೆ ತವರಿಗೆ ಹೋದರೆ ಎಲ್ಲರೂ ನಿನ್ನನ್ನೇ ಕೇಳುತ್ತಾರೆ. ಇಲ್ಲಿ ಯಾರೂ ಕೇಳುವುದಿಲ್ಲ. ನೀನು ಇಲ್ಲದಿರುವುದು ಇವರಿಗೆಲ್ಲ ಗೊತ್ತಿರುವ ಸಂಗತಿ.

ನಾನು ಮಾಡಿದ ಒಂದು ಪೆದ್ದುತನ ಹೇಳುತ್ತೇನೆ, ನಗಬೇಡ.

ಸರ್ವೇ ಶುರುವಾದ ಎರಡನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ. ಎಲ್ಲರ ಕೈಯಲ್ಲೂ ಆಧಾರ್ ಝೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ಕು. ಮುಂದೆ ದಾವಲ್‌ಬೀ.

"ಬೇಟಿ, ನನಗ ನಾಲ್ಕು ಆಡು ಅದಾವ. ಒಂದು ಆಡಿಗೆ ಎಷ್ಟು ಬರ್ತೈತಿ?"

"ಬರೂದಿಲ್ಲ ದಾವಲ್‌ಬೀ. ಸುಮ್ಮನ ಕೇಳೂದು ಅಷ್ಟ."

"ಸುಮ್ಮನ ಕೇಳಾಕ ಇಷ್ಟು ಹಾಳಿ ಅಚ್ಚು ಹಾಕ್ಸ್ಯಾರೇನು? ಪರಿಹಾರ ಅಂತ ಬರದೀದಿ ನೋಡು ಇಲ್ಲಿ. ಮಗ್ಗಲ ಮನಿಯಾಕಿ ಅಂತ ನಂದು ಮೊದಲು ಬರಿ."

ಆಗ ತಿಳಿಯಿತು. ನಾನು ಪುಸ್ತಕದಿಂದ ಎತ್ತಿದ ಮಾತು ಇಲ್ಲಿ ಬೇರೆಯೇ ಆಗಿ ಕೇಳುತ್ತದೆ. ಬೆಳೆ ಹೋದರೆ ಪರಿಹಾರ, ಗೋಡೆ ಬಿದ್ದರೆ ಪರಿಹಾರ. ಆ ಶಬ್ದ ಊರಿಗೆ ಬಂತೆಂದರೆ ದುಡ್ಡು ಹಿಂದೆಯೇ ಬರುತ್ತಿದೆ ಎಂದರ್ಥ. ಒಬ್ಬರು ಐದು ಲಕ್ಷ ಎಂದರು, ಇನ್ನೊಬ್ಬರು ಅವರಿಗೆ ಐದಾದರೆ ನನಗೆ ಆರು ಎಂದರು. ದನವೇ ಇಲ್ಲದ ಒಬ್ಬರು ಒಂದು ಕೋಟಿ ಬರೆಸಿ ಬಹಳ ಗಂಭೀರವಾಗಿ ಸಹಿ ಹಾಕಿದರು. ನಾನು ಮನೆಮನೆಗೂ ನಿಂತು ಇದು ದುಡ್ಡು ಕೊಡುವ ಫಾರ್ಮ್ ಅಲ್ಲ ಎಂದು ಹೇಳಿದಷ್ಟೂ, ಏನೋ ಮುಚ್ಚಿಡುತ್ತಿದ್ದಾಳೆ ಎಂದೇ ಜನಕ್ಕೆ ಖಾತ್ರಿಯಾಯಿತು. ನನ್ನ ಹೆಸರೀಗ ಪರಿಹಾರದ ಮೇಡಂ.

ಸರ್‌ಗೆ ಹೇಳಿದೆ. ನೂರ ಅರವತ್ತು ಫಾರ್ಮ್ ಅಚ್ಚಾಗಿಹೋಗಿವೆ, ಹಾಗೇ ನಡೆಸಿ ಎಂದರು. ವಿಪರೀತ ದೊಡ್ಡ ಸಂಖ್ಯೆಗಳನ್ನು ಕೊನೆಗೆ ತೆಗೆದುಹಾಕುತ್ತಾರಂತೆ.

ಆದರೆ ಕುರಿ ಸಾಕುವ ಮನೆಗಳಲ್ಲಿ ಬೇರೆಯೇ ಆಯಿತು. ನಿನ್ನ ಮಾನಪ್ಪ ಕಾಕಾ ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಹದಿನಾರು ಪ್ರಶ್ನೆಗೂ ಪ್ರೀತಿಯಿಂದ ಉತ್ತರ ಹೇಳಿದರು. ಹದಿನೇಳನೆಯದಕ್ಕೆ ಕೈ ಅಡ್ಡ ಹಿಡಿದರು.

"ನೋಡವಾ ಮಗಳ, ಕುರಿ ಇಟ್ಟ ಹದಿನಾಲ್ಕು ಮನಿ ಮಂದಿ ಬೀರಪ್ಪನ ಗುಡಿ ಮುಂದ ಕುಂತು ಮಾತಾಡೀವಿ. ಇದಕ್ಕ ಯಾರೂ ರೇಟ್ ಹೇಳೂದಿಲ್ಲ. ನಿಮ್ಮ ಅತ್ತಿನೂ ಇದ್ದರು. ಬಾಯಿಲೆ ರೇಟ್ ಹೇಳಿದಿವಿ ಅಂದರ ಅರ್ಧ ಕೊಟ್ಟಂಗ."

"ಕಾಕಾ, ಹೇಳದಿದ್ದರ ನಿಮ್ಮದು ಸೊನ್ನಿ ಅಂತ ಹಿಡೀತಾರ."

"ಹಿಡೀಲಿ. ಸೊನ್ನಿ ಯಾರಿಗೂ ಮಾರಾಕ ಬರೂದಿಲ್ಲಲ್ಲ."

ಇದನ್ನು ಸಿದ್ದಲಿಂಗೇಶ ಸರ್‌ಗೆ ಹೇಳಿದಾಗ ಅವರು, ಸೊನ್ನೆ ಎಂದೂ ಲೆಕ್ಕಕ್ಕೆ ಬರುವುದಿಲ್ಲ ಎಂದರು. ರೇಟ್ ಹೇಳಲು ಒಪ್ಪದವರ ಉತ್ತರಕ್ಕೆ ನಮ್ಮ ಶಾಸ್ತ್ರದಲ್ಲಿ ವಿರೋಧದ ಸೊನ್ನೆ ಎಂದು ಹೆಸರು. ಸರಾಸರಿ ತೆಗೆಯುವ ಮೊದಲು ಅಂಥ ಫಾರ್ಮುಗಳನ್ನು ಪಕ್ಕಕ್ಕಿಡುತ್ತಾರೆ. ಹಾಗಾದರೆ ಅವರ ಮಾತು ಎಲ್ಲಿ ಹೋಯಿತು ಸರ್ ಎಂದೆ. "ಅಡಿಟಿಪ್ಪಣ್ಯಾಗ ಹಾಕ್ತೀವಿ ಮೇಡಂ. ಮತ್ತ ನೀವು ಇದೇ ಊರಿನ ಸೊಸಿ, ಓದಿದವರು. ನಿಮ್ಮ ಮನಿದಾದರೂ ಪೂರ್ತಿ ತುಂಬಿಸ್ಕೊಂಡು ಬರ್ರಿ" ಎಂದು ನಕ್ಕರು.

ಅತ್ತಿಯದನ್ನು ಎಲ್ಲರಿಗಿಂತ ಕೊನೆಗೆ ಇಟ್ಟಿದ್ದೆ. ಸಂಜೆ ಕುರಿ ಹಟ್ಟಿಗೆ ಸೇರಿದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ, ಅವರನ್ನು ಎದುರಿಗೆ ಕೂರಿಸಿ, ದೊಡ್ಡ ಆಫೀಸರಳ ಹಾಗೆ ಕೇಳಿದೆ. ಅವರಿಗೂ ಖುಷಿ. ಹೆಸರು? "ಯಮನಮ್ಮ ಅಂತ ಬರಕೋರಿ ಬಾಯಾರ" ಎಂದು ಬಾಯಿಗೆ ಸೆರಗು ಮುಚ್ಚಿ ನಕ್ಕರು. ಹದಿನೇಳು ಬಂತು.

"ಯಾರು ಸತ್ತಾರವಾ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಪರಿಹಾರ ಅಂದಿಯಲ್ಲ. ನಿಮ್ಮ ಮಾವಗ ಗಾಯರಾಣದಾಗ ಸಿಡಿಲು ಬಡದಾಗ ತಹಶೀಲ್ದಾರ ಬಂದು ಪರಿಹಾರ ಅಂತ ಕೊಟ್ಟ ಹೋಗ್ಯಾನ. ಈ ಪಡಸಾಲಿ ಅದರಾಗ ಕಟ್ಟೀನಿ. ಗಾಯರಾಣಕ್ಕ ಏನಾಗೈತಿ? ಈಗ ಮೇಯಿಸ್ಕೊಂಡು ಬಂದೀನಿ, ಚಲೋ ಐತಿ."

ಬೀರು, ಮಾವನವರ ಸಂಗತಿಯನ್ನು ನೀನು ನನಗೆ ಹೇಳಿದ್ದೆ. ಈ ಪಡಸಾಲೆಯ ಸಂಗತಿ ಹೇಳಿರಲಿಲ್ಲ. ನಾನು ಕೂತಿದ್ದ ನೆಲ ಒಮ್ಮೆಲೇ ತಣ್ಣಗಾದ ಹಾಗಾಯಿತು. ಆದರೂ ಬಿಡಲಿಲ್ಲ, ಕಲಿತ ಬುದ್ಧಿ.

"ಹಂಗಲ್ಲ ಅತ್ತಿ. ಒಂದು ವ್ಯಾಳ್ಯಾ ಬಿಟ್ಟುಕೊಡಬೇಕಾದ್ರ ಅಂತ."

"ನಮ್ಮದಿದ್ದರ ಬಿಟ್ಟ ಕೊಡಬೇಕು. ಅದು ಕುರಿದು, ದನದ್ದು, ಮುಂದ ಹುಟ್ಟೂ ಮಂದೀದು. ನಮ್ಮದಲ್ಲದ್ದು ನಾವ್ಹೆಂಗ ಬಿಡೂದು?" ಎಂದರು. ಆಮೇಲೆ ನನ್ನ ಮುಖ ನೋಡಿ, "ನಿನ್ನ ಕೆಲಸ ನಿಲ್ಲಬಾರದು. ಎಲ್ಲಿ ಒತ್ತಬೇಕು ಹೇಳು" ಎಂದು ಹೆಬ್ಬೆಟ್ಟು ಮುಂದೆ ಚಾಚಿದರು. ಒತ್ತಿಸಿಕೊಂಡೆ.

ಅಲ್ಲಿಗೆ ನೂರ ಅರವತ್ತೂ ಮುಗಿದವು. ಸರ್ ಕಟ್ಟು ಕಟ್ಟಿ ಧಾರವಾಡಕ್ಕೆ ಒಯ್ದರು. ಹೋಗುವಾಗ ನನ್ನ ಕೆಲಸವನ್ನು ಅತ್ತಿಯ ಎದುರಿಗೇ ಹೊಗಳಿದರು. ಅತ್ತಿ ಅದನ್ನು ಭಾವಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಮನೆಯಲ್ಲಿ ಮತ್ತೆ ನಾನೊಬ್ಬಳೇ. ಮೊದಲಿಗಿಂತ ಸುಮ್ಮನಿದೆ ಮನೆ. ನೂರ ಅರವತ್ತು ಮನೆಯ ಚಾ ಕುಡಿದು ಬಂದವಳಿಗೆ ತನ್ನೊಬ್ಬಳಿಗೆ ಚಾ ಇಟ್ಟುಕೊಳ್ಳಲು ಮನಸ್ಸು ಬರುವುದಿಲ್ಲ.

ನಿನ್ನ ಸೈನ್ಯದ ಕಟಿಂಗ್ ಫೋಟೋ ನೋಡಿ ಅತ್ತಿ, ಕುರಿ ಉಣ್ಣೆ ಕತ್ತರಿಸಿದ ಹಾಗೆ ಮಾಡ್ಯಾರ ಎಂದರು. ನನಗೆ ಆ ಕಿವಿಗಳು ಇಷ್ಟವಾದವು. ಚೆನ್ನಾಗಿರು. ಎಲ್ಲ ದೇವರೂ ನಿನ್ನ ಮೇಲೆ ಕಣ್ಣಿಡಲಿ.

ನಿನ್ನ
ಅನು

---

ಮರಡಿಹಾಳ
19 ಡಿಸೆಂಬರ್ 2024

ಪ್ರೀತಿಯ ಬೀರು,

ಒಂದೂವರೆ ತಿಂಗಳು ನಿನಗೆ ಬರೆಯಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಹುಷಾರಿಲ್ಲ ಎಂದೆ, ಪೆನ್ನು ಸಿಗಲಿಲ್ಲ ಎಂದೆ. ಕ್ಷಮಿಸು ಎನ್ನುವ ಮಾತನ್ನು ಬೇರೊಂದು ಕಡೆ ಬಳಸಬೇಕಿದೆ, ಅದಕ್ಕೇ ಇಲ್ಲಿ ಬಳಸುವುದಿಲ್ಲ.

ಅತ್ತಿ ಮನೆಯಲ್ಲಿಲ್ಲ. ಕಳೆದ ಎರಡು ಭಾನುವಾರ ನೀನು ಅವರ ಜೊತೆ ಮಾತಾಡಿದೆಯಲ್ಲ, ಅದು ಅವರು ಜವಳಗೇರಾದ ಗದ್ದೆಯಲ್ಲಿ ನಿಂತು ತಮ್ಮ ಸಣ್ಣ ಫೋನಿನಲ್ಲಿ ಮಾತಾಡಿದ್ದು. ಮನೆಯಲ್ಲೇ ಇದ್ದೇನೆ ಎಂದು ನಿನಗೆ ಹೇಳಿರುತ್ತಾರೆ. ಮೊದಲಿನಿಂದ ಹೇಳುತ್ತೇನೆ.

ಡಿಸೆಂಬರ್ ಎರಡಕ್ಕೆ ಗ್ರಾಮಸಭೆ ಇತ್ತು. ಸಿದ್ದಲಿಂಗೇಶ ಸರ್ ವರದಿ ಓದಲು ಬಂದಿದ್ದರು. ನಾನು ಹೊಸ ಸೀರೆ ಉಟ್ಟು ಅವರ ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದೆ. ಕಂಪನಿ ಕೊಡುವ ಬಾಡಿಗೆ ಎಷ್ಟೆಂದು ಅವತ್ತೇ ಮೊದಲು ಕೇಳಿದ್ದು. ವರ್ಷಕ್ಕೆ ನಲವತ್ತು ಲಕ್ಷ, ಅಂದರೆ ಮನೆಯೊಂದಕ್ಕೆ ಇಪ್ಪತ್ತೈದು ಸಾವಿರ ಬಿದ್ದಂತೆ. ಗಾಯರಾಣದ ಬೆಲೆ ಅದಕ್ಕಿಂತ ಮೇಲೆ ಬಂದರೆ ಉಳಿಯುತ್ತದೆ, ಕೆಳಗೆ ಬಂದರೆ ಹೋಗುತ್ತದೆ.

ಲಕ್ಷ, ಕೋಟಿ ಹೇಳಿದವರ ಫಾರ್ಮುಗಳನ್ನೆಲ್ಲ ತೆಗೆದುಹಾಕಿದ್ದರು. ಉಳಿದ ಮನೆಗಳವರು ದುಡ್ಡು ಇವತ್ತೇ ಸಿಗುತ್ತದೆಂದು ತಿಳಿದು ಹತ್ತು, ಹದಿನೈದು ಸಾವಿರ ಎಂದು ಬರೆಸಿದ್ದರು. ಆಮೇಲೆ ಸರ್ ಓದಿದರು: ಗಾಯರಾಣವನ್ನು ಅತಿ ಹೆಚ್ಚು ಅವಲಂಬಿಸಿರುವ, ಕುರಿ ಸಾಕುವ ಕುಟುಂಬಗಳ ಸರಾಸರಿ, ವರ್ಷಕ್ಕೆ ಹದಿನೆಂಟು ಸಾವಿರ.

ಮಾನಪ್ಪ ಕಾಕಾ ಎದ್ದು ನಿಂತರು. "ಯಾರ್ರೀ ಹೇಳಿದ್ದು? ನಮ್ಮ ಹದಿನಾಲ್ಕು ಮನ್ಯಾಗ ಯಾರೂ ರೇಟ್ ಹೇಳಿಲ್ಲ."

"ಹದಿಮೂರು ಮನಿಯವರು ಹೇಳಿಲ್ರಿ ಯಜಮಾನ್ರ. ಒಂದು ಮನಿಯವರು ಹೇಳ್ಯಾರ."

"ಒಂದು ಮನಿದು ಹದಿನಾಲ್ಕು ಮನಿಗೆ ಸರಾಸರಿ ಹೆಂಗಾತು?"

"ಉಳಿದವರ ಉತ್ತರ ಇಲ್ಲಲ್ರಿ. ಇದ್ದದ್ದರಾಗ ತಗದದ್ದು."

"ಹಂಗಾರ ಆ ಮನಿ ಯಾವುದು ಹೇಳ್ರಿ."

ಹೆಸರು ಹೇಳುವಂತಿಲ್ಲ ಎಂದರು ಸರ್. ಕುರಿ ಮನೆಯವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಗಂಡಸರ ಸಾಲಿನಲ್ಲಿ ಮಾತು ಬಿರುಸಾಯಿತು. ಒಬ್ಬರು ಇನ್ನೊಬ್ಬರ ಮೇಲೆ ಕೈ ಎತ್ತುವ ಹಾಗಿತ್ತು. ಆಗ ಹೆಂಗಸರ ನಡುವಿನಿಂದ ಅತ್ತಿ ಎದ್ದರು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡರು.

"ನಾ ಹೇಳೀನಿ. ಅವರನ್ನ ಯಾಕ ನೋಡ್ತೀರಿ?"

ಕಾಕಾ ನಂಬಲಿಲ್ಲ. "ಅತ್ತಿಗಿ, ನೀವು? ಗುಡಿ ಮುಂದ ಕುಂತು ಮಾತಾಡಿದ್ದು?"

"ಮರತೀನಿ. ಮುದಿಕಿ ಅದೀನಿ, ಮರತೀನಿ."

ಬೀರು, ನಿನ್ನ ಅವ್ವ ನಲವತ್ತಮೂರು ಕುರಿಯಲ್ಲಿ ಯಾವ ಕುರಿ ಯಾವ ಅಮಾವಾಸ್ಯೆಗೆ ಹುಟ್ಟಿತೆಂದು ಹೇಳಬಲ್ಲವರು. ಅದು ಅಲ್ಲಿದ್ದವರಿಗೆಲ್ಲ ಗೊತ್ತು. ಕೈ ಎತ್ತಿಸಿ, ಗಾಯರಾಣವನ್ನು ಕಂಪನಿಗೆ ಕೊಡುವ ಠರಾವು ಪಾಸು ಮಾಡಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತಿ ಮುಂದೆ, ನಾನು ಹಿಂದೆ. ಬಾಗಿಲು ತೆಗೆದು, "ಚಾ ಇಡು, ಚಾಪತ್ತಿ ಜಾಸ್ತಿ ಹಾಕು" ಎಂದರು. ಅಷ್ಟೇ.

ಪ್ರತಿ ವರ್ಷ ಭತ್ತದ ಕೊಯ್ಲಾದ ಮೇಲೆ ಹದಿನಾಲ್ಕೂ ಮನೆಯ ಕುರಿ ಕೂಡಿಸಿಕೊಂಡು ಕಾಕಾನವರು ಜವಳಗೇರಾ, ದಢೇಸುಗೂರಿನ ಕಡೆ ಕಾಲುವೆ ಸೀಮೆಗೆ ಹೋಗುತ್ತಾರಲ್ಲ. ಕುರಿಗೆ ಕೂಳೆ, ಗದ್ದೆಗೆ ಗೊಬ್ಬರ. ನಮ್ಮವೂ ಅದರಲ್ಲೇ ಹೋಗುತ್ತಿದ್ದವು, ಅತ್ತಿ ಮನೆಯಲ್ಲಿರುತ್ತಿದ್ದರು. ಈ ವರ್ಷ ಕಾಕಾ ನಮ್ಮ ಓಣಿಗೆ ಬರಲೇ ಇಲ್ಲ. "ನಿಮ್ಮ ಕುರಿ ನೀವು ನೋಡ್ಕೋರಿ" ಎಂದು ಹೇಳಿಕಳಿಸಿದರು. ಅತ್ತಿ ಎರಡು ದಿನ ಕಾದರು. ಅಷ್ಟರಲ್ಲಿ ಗಾಯರಾಣದ ಮಸ್ಕಿ ರಸ್ತೆಯ ಕಡೆ ಕಂಬ ನೆಡಲು ಶುರುಮಾಡಿದ್ದರು. ಆರನೇ ತಾರೀಕು ಅವರೇ ಒಂದು ಕಂಬಳಿ, ಒಂದು ಕೊಡೆ, ರೊಟ್ಟಿಯ ಗಂಟು ಕಟ್ಟಿಕೊಂಡರು.

"ನಾನೂ ಬರ್ತೀನಿ ಅತ್ತಿ."

"ನೀ ಬಂದು ಏನ್ ಮಾಡ್ತಿ? ಕುರಿಗೆ ಇಂಗ್ಲಿಷ್ ಕಲಸ್ತಿಯೇನು?" ಎಂದರು. ನಗಿಸಲಿಕ್ಕೆ ಹೇಳಿದ್ದು. ನಾನು ನಗಲಿಲ್ಲವೆಂದು ನನ್ನ ಗದ್ದ ಹಿಡಿದು, "ಬಾಗಲಾ ಹಾಕ್ಕೊ. ಹಿಟ್ಟು ಡಬ್ಬಿ ತುಂಬೀನಿ" ಎಂದು ಹೊರಟರು. ಐವತ್ತೈದು ವರ್ಷದ ಹೆಂಗಸು ಬೀರು, ಒಬ್ಬರೇ, ಸಿಂಧನೂರಿನ ಲಾರಿಗಳ ರಸ್ತೆಯಲ್ಲಿ.

ಅವರು ಹೋದ ದಿನದಿಂದ ಇಲ್ಲಿ ನನ್ನ ಜೊತೆ ಮಾತಾಡುವವಳು ದಾವಲ್‌ಬೀ ಒಬ್ಬಳೇ. ನಲ್ಲಿಯ ಹತ್ತಿರ ಹೋದರೆ ಹೆಂಗಸರು ಕೊಡ ಸರಿಸಿ ಜಾಗ ಕೊಡುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚು ಜಾಗ. ಯಮನಮ್ಮನ ಸೊಸೆ ಎಂದು ಪಾಪ ಎನ್ನುವವರೂ ಇದ್ದಾರೆ, ಅತ್ತೆ ಮಾಡಿದ್ದಕ್ಕೆ ಈಕೆ ಏನು ಮಾಡಿಯಾಳು ಎಂದು. ಅದನ್ನು ಕೇಳಿ ಬಂದ ದಿನ ಊಟ ಸೇರುವುದಿಲ್ಲ. ನಿನ್ನೆ ಖಾಲಿ ಹಟ್ಟಿಗೆ ಹೋಗಿ ಕಸ ಹೊಡೆದೆ. ಹೊಡೆಯುವಂಥದ್ದು ಏನೂ ಇರಲಿಲ್ಲ, ಎರಡು ಸಲ ಹೊಡೆದೆ. ನಿನ್ನ ಅಂಗಿಗಳನ್ನು ನಾನು ಮುಟ್ಟಿಲ್ಲ.

ದಾವಲ್‌ಬೀ ಸಂಜೆ ಬಂದು, "ಬೇಟಿ, ನಿಮ್ಮ ಅತ್ತಿ ಸುಳ್ಳು ಹೇಳೂ ಹೆಂಗಸಲ್ಲ. ಅವತ್ತ ಯಾಕ ಹಂಗಂದ್ಲೋ ನನಗ ತಿಳೀವಲ್ದು" ಎಂದಳು. ನಾನು ಅವಳ ಬಳೆಯ ಬುಟ್ಟಿಯನ್ನೇ ನೋಡುತ್ತ ಕೂತೆ.

ನೀನು ಓಟದಲ್ಲಿ ಮೊದಲು ಬಂದೆ ಎಂದು ಕೇಳಿ ಬಹಳ ಖುಷಿಯಾಯಿತು. ಬೆಚ್ಚಗೆ ಇರು. ಅಲ್ಲಿಯ ಚಳಿ ಕೆಟ್ಟದ್ದಂತೆ. ಬೀರಪ್ಪ ನಿನ್ನನ್ನೂ, ಗದ್ದೆಯಲ್ಲಿರುವ ಅತ್ತಿಯನ್ನೂ ಕಾಯಲಿ.

ನಿನ್ನ
ಅನುಪಮಾ

ಮತ್ತೆ ಸೇರಿಸಿದ್ದು:

ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ನೀನು ಊಹಿಸಿರಬಹುದು, ಆದರೂ ನಾನೇ ಬರೆಯಬೇಕು. ಹದಿನೆಂಟು ಸಾವಿರ ಎಂದು ಅತ್ತಿ ಹೇಳಲಿಲ್ಲ. ಅವರು ಹೆಬ್ಬೆಟ್ಟು ಒತ್ತಿದಾಗ ಹದಿನೇಳನೇ ಪ್ರಶ್ನೆಯ ಮುಂದೆ ಏನೂ ಇರಲಿಲ್ಲ. ಅವರು ಕುರಿಗೆ ನೀರಿಡಲು ಎದ್ದು ಹೋದ ಮೇಲೆ ನಾನು ತುಂಬಿದೆ. ತಿಂಗಳಿಗೆ ಹದಿನೈದು ನೂರರ ಮೇವು, ಹನ್ನೆರಡು ತಿಂಗಳು. ತೆಗೆದುಹಾಕುವಷ್ಟು ದೊಡ್ಡದಲ್ಲದ, ಅಚ್ಚುಕಟ್ಟಾದ ಸಂಖ್ಯೆ ಎಂದು ನನಗೇ ಮೆಚ್ಚುಗೆಯಾಗಿತ್ತು.

ಅತ್ತಿಯ ಮಾತು ಪಕ್ಕಕ್ಕೆ ಬೀಳದೆ ಎಣಿಕೆಗೆ ಬರಲಿ ಎಂದು ಬರೆದೆ, ಹೀಗೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ನಿನಗೆ ಸುಳ್ಳು ಹೇಳಲಾರೆ. ನನ್ನ ಮನೆಯ ಫಾರ್ಮನ್ನೇ ಖಾಲಿ ಕೊಡಲು ಸಿದ್ದಲಿಂಗೇಶ ಸರ್ ಮುಂದೆ ನಾಚಿಕೆಯಾಯಿತು. ನಮ್ಮದಲ್ಲದ್ದು ನಾವು ಹೇಗೆ ಬಿಡುವುದು ಎಂಬ ಮಾತು ಆ ಸಂಜೆ ನನಗೆ ಓದುಬರಹ ಇಲ್ಲದವರ ಮಾತು ಎನ್ನಿಸಿತು.

ಸಭೆಯಲ್ಲಿ ಅವರು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ಜನಕ್ಕೆ ತಿಳಿದುಬಿಡುತ್ತಿತ್ತು. ಮನೆಯಲ್ಲಿ ಬೈಯಲಿಲ್ಲ, ಕೇಳಲೂ ಇಲ್ಲ. ಗಂಡ ದೂರವಿರುವ ಹುಡುಗಿ ಈ ಊರಲ್ಲಿ ಬಾಳಬೇಕು ಎಂದು ಅವರೇ ಊರು ಬಿಟ್ಟರು.

ನಿಜ ಹೇಳಿದರೆ ಅವರು ನನಗಾಗಿ ಹೊತ್ತದ್ದು ವ್ಯರ್ಥವಾಗುತ್ತದೆ ಎಂದು ಹದಿನೇಳು ದಿನ ಸುಮ್ಮನಿದ್ದೆ. ಅದೂ ನನಗೆ ಅನುಕೂಲವಾದ ಲೆಕ್ಕವೇ. ಮಾನಪ್ಪ ಕಾಕಾ ಮನೆಯ ತೊಟ್ಟಿಲು ಕಾರ್ಯಕ್ಕೆಂದು ನಿನ್ನೆ ಗದ್ದೆಯಿಂದ ಬಂದಿದ್ದಾರೆ, ನಾಳೆ ವಾಪಸ್ಸು ಹೋಗುತ್ತಾರೆ. ಈ ಪತ್ರವನ್ನು ಮೊದಲು ಅಂಚೆ ಡಬ್ಬಿಗೆ ಹಾಕುತ್ತೇನೆ, ಹಾಕಿದ ಮೇಲೆ ನಾನು ಹಿಂದೆ ಸರಿಯುವಂತಿಲ್ಲ. ಅಲ್ಲಿಂದ ಸೀದಾ ಅವರ ಮನೆಗೆ ಹೋಗುತ್ತೇನೆ. ಅಲ್ಲಿ ಬಂದ ನೆಂಟರೆಲ್ಲ ಇರುತ್ತಾರೆ. ಅವರಿದ್ದಾಗಲೇ, ಆ ಸಂಖ್ಯೆ ಬರೆದದ್ದು ನಾನೇ ಎಂದು ಹೇಳಬೇಕು. ಕೂರು ಎಂದರೂ ಕೂರುವುದಿಲ್ಲ.